ನಿಮಗಿದು ಗೊತ್ತೇ? ತೆಂಗಿನ ಮರಕ್ಕೆ ಕಟ್ಟಿದ ತಂತಿಯಿಂದ ಬೀದರ್‌ವರೆಗೆ ಮಾತು

ಮಧುಗಿರಿ, ಶಿರಾ, ಕೊರಟಗೆರೆ ಮೂರೂ ಹ್ಯಾಮ್ ರೇಡಿಯೊದವರ ಲೆಕ್ಕದಲ್ಲಿ ಒಂದೇ ಮನೆಯಲ್ಲಿವೆ. ಪಾವಗಡ ಮಾತ್ರ ಪಕ್ಕದ ಮನೆ! ಹ್ಯಾಮ್‌ಗಳು ಇಡೀ ಭೂಮಿಯನ್ನು 2 ಡಿಗ್ರಿ ರೇಖಾಂಶ, 1 ಡಿಗ್ರಿ ಅಕ್ಷಾಂಶದ ಚೌಕಗಳಾಗಿ ಭಾಗ ಮಾಡಿಕೊಂಡು ಒಂದೊಂದಕ್ಕೂ ಗುರುತು ಕೊಟ್ಟಿದ್ದಾರೆ. ನಮ್ಮ ಮೂರು ಊರುಗಳ ಚೌಕ ಎಂಕೆ83. 14ನೇ ಅಕ್ಷಾಂಶ ಪಾವಗಡ ಪಟ್ಟಣಕ್ಕೆ ತುಸು ದಕ್ಷಿಣದಲ್ಲಿ ಹಾದುಹೋಗುವುದರಿಂದ ಆ ಪಟ್ಟಣ ಎಂಕೆ84ಕ್ಕೆ ಸೇರಿತು. ಬೆಂಗಳೂರು ಎಂಕೆ82. ಜಗತ್ತಿನ ಯಾವ ಮೂಲೆಯ ಹ್ಯಾಮ್‌ಗೂ ಈ ನಾಲ್ಕು ಅಕ್ಷರ ಹೇಳಿದರೆ ಸಾಕು, ನೀವು ಎಲ್ಲಿದ್ದೀರಿ, ಆಂಟೆನಾ ಯಾವ ದಿಕ್ಕಿಗೆ ತಿರುಗಿಸಬೇಕು ಎಂಬುದು ಅವರಿಗೆ ತಿಳಿದುಬಿಡುತ್ತದೆ.

ಹ್ಯಾಮ್ ಎಂದರೆ ಯಾರು? ಮೊಬೈಲ್ ಟವರ್, ಇಂಟರ್‌ನೆಟ್ ಯಾವುದರ ಹಂಗೂ ಇಲ್ಲದೆ, ಸರ್ಕಾರದ ಲೈಸೆನ್ಸ್ ಪಡೆದು, ತಮ್ಮದೇ ರೇಡಿಯೊ ಮತ್ತು ತಮ್ಮದೇ ಆಂಟೆನಾದಿಂದ ದೂರದವರ ಜೊತೆ ಮಾತಾಡುವ ಹವ್ಯಾಸಿಗಳು. ಈ ಹವ್ಯಾಸದಿಂದ ದುಡ್ಡು ಮಾಡುವಂತಿಲ್ಲ. ನಿಯಮವೇ ಹಾಗಿದೆ.

ಭಾರತದಲ್ಲಿ ಹ್ಯಾಮ್ ಪರೀಕ್ಷೆ ಬರೆಯಲು 12 ವರ್ಷ ತುಂಬಿದ್ದರೆ ಸಾಕು. ಅಂದರೆ ಏಳನೇ ತರಗತಿಯ ಹುಡುಗಿಯೂ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಗೊತ್ತಿರಬೇಕು. ಪಾಸಾದವರಿಗೆ ಸಿಗುವ ಕರೆಹೆಸರು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುತ್ತದೆ: ಜನರಲ್ ದರ್ಜೆಯವರಿಗೆ ಮೊದಲನೆಯದು, ರಿಸ್ಟ್ರಿಕ್ಟೆಡ್‌ನವರಿಗೆ ಎರಡನೆಯದು. ಅರ್ಜಿ ಹಾಕುವುದು ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ.

ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯೂ ಹ್ಯಾಮ್! ಅವರ ಕರೆಹೆಸರು ವಿಯು2ಆರ್‌ಜಿ.

ರೇಡಿಯೊ ಮೊದಲೋ ಲೈಸೆನ್ಸ್ ಮೊದಲೋ? ಲೈಸೆನ್ಸೇ ಮೊದಲು, ಇದರಲ್ಲಿ ಎರಡು ಮಾತಿಲ್ಲ. ಪ್ರಸಾರ ಮಾಡುವ ಯಂತ್ರವನ್ನು ಅನುಮತಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು ಎಂದು 1933ರ ಕಾಯ್ದೆ ಹೇಳುತ್ತಿತ್ತು. 2023ರ ದೂರಸಂಪರ್ಕ ಕಾಯ್ದೆಯೂ ಇಟ್ಟುಕೊಳ್ಳಲು ಅನುಮತಿ ಬೇಕೆಂದೇ ಹೇಳುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಆಟದ ಸಾಮಾನಿನ ಪಕ್ಕದಲ್ಲೇ ವಾಕಿಟಾಕಿ ಮಾರುತ್ತಿದ್ದುದನ್ನು ಕಂಡು, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಅದಕ್ಕೆ ಕಡಿವಾಣ ಹಾಕುವ ಮಾರ್ಗಸೂಚಿ ಹೊರಡಿಸಿತು. ಲೈಸೆನ್ಸಿಲ್ಲದೆ ಬಳಸಬಹುದಾದ ಕಿರು ವಾಕಿಟಾಕಿಗಳೂ ಉಂಟು. ಅವು 446 ಮೆಗಾಹರ್ಟ್ಸ್‌ನ ಸಣ್ಣ ಪಟ್ಟಿಯಲ್ಲಿ, ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತವೆ. ಹ್ಯಾಮ್ ಸೆಟ್ಟೇ ಬೇರೆ, ಅವೇ ಬೇರೆ.

ಈಗ ಬೆಟ್ಟದ ಲೆಕ್ಕ. ಕೈಯಲ್ಲಿ ಹಿಡಿಯುವ ಸೆಟ್ಟನ್ನು ಹ್ಯಾಮ್‌ಗಳು ಹ್ಯಾಂಡಿ ಎನ್ನುತ್ತಾರೆ. ಅದು ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಅಂದರೆ 2 ಮೀಟರ್ ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತದೆ. ಈ ಅಲೆ ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ. ಆಂಟೆನಾ ಎಷ್ಟು ಎತ್ತರದಲ್ಲಿದೆಯೋ ಅಷ್ಟು ದೂರ ಅದಕ್ಕೆ ‘ಕಾಣುತ್ತದೆ’. ಮೀಟರಿನಲ್ಲಿ ಎತ್ತರ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. ಬೀದಿಯಲ್ಲಿ ನಿಂತು ಹ್ಯಾಂಡಿ ಬಾಯ ಹತ್ತಿರ ಹಿಡಿದರೆ ಎತ್ತರ ಒಂದೂವರೆ ಮೀಟರ್, ದೂರ 5 ಕಿ.ಮೀ. ತಾರಸಿಯ ಮೇಲೆ ಕಂಬ ನಿಲ್ಲಿಸಿ 9 ಮೀಟರ್ ಎತ್ತರದಲ್ಲಿ ಆಂಟೆನಾ ಇಟ್ಟರೆ 12 ಕಿ.ಮೀ. ಆಚೆ ಕಡೆಯವರೂ ಹಾಗೇ ಇಟ್ಟಿದ್ದರೆ ಎರಡೂ ಕೂಡಿ 24. ಮಧುಗಿರಿಯಿಂದ ಕೊರಟಗೆರೆಗೆ ನೆಟ್ಟಗೆ ಗೆರೆ ಎಳೆದರೆ ಸುಮಾರು 15 ಕಿ.ಮೀ. ಮಾತ್ರ. ನಡುವೆ ಗುಡ್ಡ ಅಡ್ಡ ಬರದಿದ್ದರೆ ಮಾತು ಸಲೀಸು.

ಅದೇ ಹ್ಯಾಂಡಿ ಹಿಡಿದು ಮಧುಗಿರಿ ಬೆಟ್ಟ ಹತ್ತಿ! ಆ ಏಕಶಿಲೆಯ ನೆತ್ತಿ ಸುತ್ತಲ ಬಯಲಿಗಿಂತ ಸುಮಾರು 400 ಮೀಟರ್ ಎತ್ತರ. 400ರ ವರ್ಗಮೂಲ 20. ದೂರ 82 ಕಿ.ಮೀ.! ಶಿರಾ, ಪಾವಗಡ, ದೇವರಾಯನದುರ್ಗ, ನಂದಿಬೆಟ್ಟ ಎಲ್ಲವೂ ಆ ಸುತ್ತಿನೊಳಗೇ ಬರುತ್ತವೆ. ಸೆಟ್ಟು ಅದೇ, ಬ್ಯಾಟರಿ ಅದೇ, 5 ವ್ಯಾಟ್ ಕೂಡ ಅದೇ. ಬದಲಾಗಿದ್ದು ಎತ್ತರ ಒಂದೇ. ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಕಂಬ ನೆಡುವುದು, ಗೋಡೆಗೆ ಮೊಳೆ ಹೊಡೆಯುವುದು ಕೂಡದು. ಹ್ಯಾಂಡಿ ಹಿಡಿದುಕೊಂಡು ಹೋಗಿ, ಮಾತಾಡಿ, ಇಳಿದು ಬನ್ನಿ. ಮಿಡಿಗೇಶಿ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ನಿಡಗಲ್ಲು, ಪಾವಗಡದ ಕೋಟೆ, ಹೀಗೆ ಈ ಸೀಮೆಯಲ್ಲಿ ಬೆಟ್ಟಗಳಿಗೇನು ಬರ? ಪಾಳೆಯಗಾರರು ದೂರ ನೋಡಲು ಆರಿಸಿಕೊಂಡ ಜಾಗಗಳೇ ರೇಡಿಯೊಗೂ ಒಪ್ಪುತ್ತವೆ.

ವ್ಯಾಟ್ ಹೆಚ್ಚಾದರೆ ದನಿ ಅಷ್ಟೇ ಹೆಚ್ಚುತ್ತದೆಯೇ? ಇಲ್ಲ. ಎದುರಿನವರ ರೇಡಿಯೊ ಮೀಟರಿನ ಮುಳ್ಳು ಒಂದು ಮನೆ ಮೇಲೇರಬೇಕಾದರೆ ನಿಮ್ಮ ಶಕ್ತಿ ನಾಲ್ಕು ಪಟ್ಟಾಗಬೇಕು. 25 ವ್ಯಾಟ್ ಸೆಟ್ಟನ್ನು ಮಾರಿ 100 ವ್ಯಾಟಿನದು ಕೊಂಡರೆ ಸಿಗುವುದು ಆ ಒಂದು ಮನೆಯಷ್ಟೇ. ಅಷ್ಟೇ ಲಾಭವನ್ನು ಮೂರು ಕಡ್ಡಿಯ ಒಂದು ಯಾಗಿ ಆಂಟೆನಾ ಕೊಡುತ್ತದೆ. ಅದೂ ಮಾತಿಗೆ ಮಾತ್ರವಲ್ಲ, ಕೇಳುವುದಕ್ಕೂ ಕೊಡುತ್ತದೆ. ಹೊಸಬರು ಸೆಟ್ಟಿಗೆ ಇಡುವ ಹಣದಲ್ಲಿ ಒಂದು ಪಾಲು ಕಡಿಮೆ ಮಾಡಿ ಕಂಬಕ್ಕೆ, ಕೇಬಲ್ಲಿಗೆ, ತಂತಿಗೆ ಹಾಕಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಎಷ್ಟೇ ದುಬಾರಿ ಸೆಟ್ಟಾದರೂ ಆಂಟೆನಾ ಕೆಟ್ಟದಾಗಿದ್ದರೆ ಮೂಕ, ಕಿವುಡ ಎರಡೂ.

ಸೆಟ್ಟುಗಳಲ್ಲಿ ದೊಡ್ಡ ಹೆಸರು ಜಪಾನಿನ ಮೂರು: ಐಕಾಮ್, ಯೇಸು, ಕೆನ್‌ವುಡ್. ಆದರೆ ನಮ್ಮ ಪಕ್ಕದ ಹೈದರಾಬಾದಿನಲ್ಲೂ ಒಂದು ಹೆಸರಿದೆ. ಅಲ್ಲಿನ ಹ್ಯಾಮ್ ಅಶ್ಹರ್ ಫರ್ಹಾನ್ ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಜೋಡಿಸಬಹುದಾದ ಬಿಟ್‌ಎಕ್ಸ್ ಎಂಬ ಸೆಟ್ಟಿನ ನಕ್ಷೆ ರೂಪಿಸಿ, ಎಲ್ಲರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಅದರ ನಂತರದ ರೂಪಗಳ ಬೋರ್ಡುಗಳನ್ನು ಮಹಿಳೆಯರ ಒಂದು ಗುಂಪು ಜೋಡಿಸಿ ಕೊಡುತ್ತಿತ್ತು. ಅಮೆರಿಕ, ಯುರೋಪಿನ ಹ್ಯಾಮ್‌ಗಳು ಅದನ್ನು ತರಿಸಿಕೊಂಡು ಬಳಸಿದರು. ಕಾಯಿಲೆ ಬಿದ್ದ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿ ಸರಿಮಾಡುವ ಕೈ ನಿಮ್ಮದಾಗಿದ್ದರೆ ಇಂಥ ಕಿಟ್ಟೇ ಮೊದಲ ಗುರು.

ಹ್ಯಾಂಡಿ ಒಂದೇ ಇದ್ದರೆ ಸಾಕೇ? ನಮ್ಮ ತಾಲೂಕುಗಳಲ್ಲಿ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನಲ್ಲಿ ಹ್ಯಾಂಡಿ ಒತ್ತಿದರೆ ಉತ್ತರಿಸಲು ನೂರಾರು ಜನ ಸಿಗಬಹುದು. ನಮ್ಮ ಹೋಬಳಿಗಳಲ್ಲಿ ಹ್ಯಾಮ್‌ಗಳು ವಿರಳ. ಇಲ್ಲಿಯವರಿಗೆ 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡ್ ಹಿಡಿಯುವ ಸೆಟ್ಟೇ ನಿಜವಾದ ಜೊತೆಗಾರ. ಹಗಲೆಲ್ಲ ದಕ್ಷಿಣ ಭಾರತದ ದನಿಗಳು ಅದರಲ್ಲಿ ಸಿಗುತ್ತವೆ, ಕತ್ತಲಾದಂತೆ ದೂರದ ದೇಶಗಳು ಒಳಬರುತ್ತವೆ. ಭಾರತದ ಹ್ಯಾಮ್‌ಗಳಿಗೆ ಇಲ್ಲಿ 7.000ದಿಂದ 7.200ವರೆಗೆ ಜಾಗ ಮೀಸಲು.

ಆ ಬ್ಯಾಂಡಿಗೆ ಆಂಟೆನಾ ಎಷ್ಟು ಉದ್ದ ಬೇಕು? 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ 20 ಮೀಟರ್, ಅಂದರೆ 66 ಅಡಿ. ನಡುವೆ ಕತ್ತರಿಸಿ ಕೇಬಲ್ ಜೋಡಿಸಿದರೆ ಎರಡು ರೆಕ್ಕೆ, ಒಂದೊಂದೂ 10 ಮೀಟರ್. ಇದೇ ಡೈಪೋಲ್. ಹೋಲಿಕೆಗೆ ಹೇಳುವುದಾದರೆ, 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯ ಅಲೆ 490 ಮೀಟರ್ ಉದ್ದ. ಅದಕ್ಕೆ ಡೈಪೋಲ್ ಕಟ್ಟಲು ಹೊರಟರೆ ಕಾಲು ಕಿಲೋಮೀಟರ್ ತಂತಿ ಬೇಕಾಗುತ್ತದೆ!

ತಂತಿ ಎಲ್ಲಿಂದ ತರುವುದು? ಬೋರ್‌ವೆಲ್ ಇರುವ ಮನೆಯಲ್ಲೇ ಹುಡುಕಿ. ಮೋಟರ್ ಎತ್ತಿ ಇಳಿಸುವಾಗ ಉಳಿದ ಮೂರು ಎಳೆಯ ಚಪ್ಪಟೆ ಕೇಬಲ್ಲಿನ ತುಂಡು ಕೊಟ್ಟಿಗೆಯಲ್ಲೋ ಪಂಪ್‌ಹೌಸಿನಲ್ಲೋ ಸುತ್ತಿ ಬಿದ್ದಿರುತ್ತದೆ. ತಾಮ್ರದ್ದಾದರೆ ಅದರ ಒಂದೊಂದು ಎಳೆಯೂ ಒಳ್ಳೆಯ ಆಂಟೆನಾ ತಂತಿ. ಇಲ್ಲದಿದ್ದರೆ ಮನೆ ವೈರಿಂಗಿಗೆ ತರುವ ಒಂದೂವರೆ ಚದರ ಮಿ.ಮೀ. ತಂತಿ ಸಾಕು. ಪ್ಲಾಸ್ಟಿಕ್ ಹೊದಿಕೆ ಸುಲಿಯುವ ಅಗತ್ಯವಿಲ್ಲ, ರೇಡಿಯೊ ಅಲೆಗೆ ಅದು ಅಡ್ಡಿಯಾಗದು. ಆದರೆ ಹೊದಿಕೆ ಇದ್ದರೆ ಆಂಟೆನಾ ಲೆಕ್ಕಕ್ಕಿಂತ ನೂರಕ್ಕೆ ಎರಡು ಮೂರು ಪಾಲು ಚಿಕ್ಕದಾಗಬೇಕಾಗುತ್ತದೆ. ಹಾಗೆಂದು ಮೊದಲೇ ಕತ್ತರಿಸಿಬಿಡಬೇಡಿ. ಅರ್ಧ ಮೀಟರ್ ಉದ್ದವಾಗಿಯೇ ಕಟ್ಟಿ, ಅಳೆದು, ತುದಿಯನ್ನು ಹಿಂದಕ್ಕೆ ಮಡಚುತ್ತಾ ಬನ್ನಿ.

ತಂತಿ ದಪ್ಪಗಿದ್ದರೆ ಒಳ್ಳೆಯದಲ್ಲವೇ? ಬಲಕ್ಕೆ ಹೌದು, ವಿದ್ಯುತ್ತಿಗೆ ಅಷ್ಟೇನೂ ಇಲ್ಲ. 7 ಮೆಗಾಹರ್ಟ್ಸ್‌ನಲ್ಲಿ ವಿದ್ಯುತ್ ತಾಮ್ರದ ಮೇಲುಗಡೆಯ ಸುಮಾರು 25 ಮೈಕ್ರಾನ್ ಪದರದಲ್ಲೇ ಹೆಚ್ಚಾಗಿ ಹರಿಯುತ್ತದೆ. ಅದು ತಲೆಗೂದಲಿನ ಅರ್ಧ ದಪ್ಪಕ್ಕಿಂತಲೂ ಕಡಿಮೆ.

ಶಿರಾ, ಕೊರಟಗೆರೆ, ಮಧುಗಿರಿಯ ತೋಟದವರಿಗೆ ಬೆಂಗಳೂರಿನ ಹ್ಯಾಮ್‌ಗಳು ಹೊಟ್ಟೆಕಿಚ್ಚು ಪಡುವಂಥ ಆಸ್ತಿಯೊಂದಿದೆ: ತೆಂಗಿನ ಮರ! 20 ಮೀಟರಿಗಿಂತ ತುಸು ಹೆಚ್ಚು ಅಂತರದಲ್ಲಿ ಎರಡು ಮರ, ಅಷ್ಟಿದ್ದರೆ ಡೈಪೋಲಿಗೆ ಕಂಬ ಸಿಕ್ಕ ಹಾಗೆ. ಕಾಯಿ ಕೀಳುವವರು ಬಂದಾಗ ಮೇಲೊಂದು ರಾಟೆ ಕಟ್ಟಿಸಿಕೊಳ್ಳಿ. ನೈಲಾನ್ ಹಗ್ಗವನ್ನು ಅದರಲ್ಲಿ ಹಾಯಿಸಿ ಒಂದು ತುದಿಗೆ ಆಂಟೆನಾ, ಇನ್ನೊಂದು ತುದಿಗೆ ಇಟ್ಟಿಗೆಯನ್ನೋ ಕಲ್ಲನ್ನೋ ಕಟ್ಟಿ. ಗಾಳಿಗೆ ಮರ ತೂಗಿದಾಗ ಕಲ್ಲು ಮೇಲೆ ಕೆಳಗೆ ಆಡುತ್ತದೆ, ತಂತಿ ತುಂಡಾಗುವುದಿಲ್ಲ. ಬಿಗಿಯಾಗಿ ಕಟ್ಟಿದ ತಂತಿ ಮೊದಲ ಮುಂಗಾರು ಗಾಳಿಗೇ ಹರಿದು ಬೀಳುತ್ತದೆ. ತಂತಿಗೂ ಹಗ್ಗಕ್ಕೂ ನಡುವೆ ಇನ್ಸುಲೇಟರ್ ಬೇಕಲ್ಲ, ಅದಕ್ಕೆ ಪಿವಿಸಿ ಪೈಪಿನ ಗೇಣುದ್ದದ ತುಂಡಿಗೆ ಎರಡು ತೂತು ಕೊರೆದರೆ ಆಯಿತು. ಬಿಸಿಲಿಗೆ ನೈಲಾನ್ ಹಗ್ಗ ಪುಡಿಯಾಗುವುದರಿಂದ ವರ್ಷಕ್ಕೊಮ್ಮೆ ಇಳಿಸಿ ನೋಡಿ.

ಮಾತಾಡುವಾಗ ಡೈಪೋಲಿನ ತುದಿಗಳಲ್ಲಿ ವೋಲ್ಟೇಜ್ ಜೋರಾಗಿರುತ್ತದೆ, ಮುಟ್ಟಿದರೆ ಸುಡುತ್ತದೆ. ಮಕ್ಕಳ ಕೈಗಾಗಲಿ ದನಕರುಗಳ ಕೊಂಬಿಗಾಗಲಿ ಎಟುಕುವ ಎತ್ತರದಲ್ಲಿ ತುದಿ ಬಿಡಬಾರದು.

ತಂತಿ 20 ಮೀಟರ್ ಎತ್ತರದಲ್ಲಿಲ್ಲ, 7 ಮೀಟರ್ ಅಷ್ಟೇ ಸಿಕ್ಕಿತು ಎಂದು ಬೇಸರವೇ? ಬೇಡ. ತಗ್ಗಿನಲ್ಲಿ ಕಟ್ಟಿದ 40 ಮೀಟರ್ ಡೈಪೋಲ್ ಅಲೆಯನ್ನು ಹೆಚ್ಚುಕಡಿಮೆ ನೇರ ಮೇಲಕ್ಕೆ ಎಸೆಯುತ್ತದೆ. ವಾತಾವರಣದ ಮೇಲ್ಪದರವಾದ ಅಯಾನುಗೋಳ ಅದನ್ನು ಕೊಡೆಯ ಹಾಗೆ ಸುತ್ತಲೂ ಕೆಳಕ್ಕೆ ಮರಳಿಸುತ್ತದೆ. ಆ ಕೊಡೆಯಡಿ ಬರುವುದು ಸುತ್ತಲ ಕೆಲವು ನೂರು ಕಿಲೋಮೀಟರ್. ಮಧುಗಿರಿಯಿಂದ ನೇರ ಗೆರೆಯಲ್ಲಿ ಕಾಸರಗೋಡು ಸುಮಾರು 270, ಬೆಳಗಾವಿ 380ರ ಹತ್ತಿರ, ಬೀದರ್ 470. ಕನ್ನಡ ಮಾತಾಡುವ ನಾಡೆಲ್ಲ ಆ ಒಂದು ಕೊಡೆಯಡಿ! ಬೆಟ್ಟ ಅಡ್ಡ ಬಂದರೂ ತೊಂದರೆಯಿಲ್ಲ, ಏಕೆಂದರೆ ಅಲೆ ಬರುವುದು ಆಕಾಶದಿಂದ. ಎತ್ತರ ಹೆಚ್ಚಾದರೆ ದೂರದ ದೇಶಗಳು ಚೆನ್ನಾಗಿ ಸಿಗುತ್ತವೆ, ತಗ್ಗಾದರೆ ನಮ್ಮ ನಾಡು.

ಕಂಬದಂತೆ ನಿಂತ ಲಂಬ ಆಂಟೆನಾ ಒಂದೇ ಸಾಕು, ಜಾಗವೂ ಉಳಿಯುತ್ತದೆ ಎನ್ನುವವರಿದ್ದಾರೆ. ಆದರೆ 7 ಮೆಗಾಹರ್ಟ್ಸ್‌ನಲ್ಲಿ ಅಂಥ ಆಂಟೆನಾಗೆ ಭೂಮಿಯೇ ಇನ್ನೊಂದು ರೆಕ್ಕೆ. ನೆಲ ಒದ್ದೆಯಾಗಿದ್ದು ವಿದ್ಯುತ್ತನ್ನು ಚೆನ್ನಾಗಿ ಹರಿಸಬೇಕು. ನಮ್ಮ ಕಾಲಡಿಯ ನೆಲ ಎಂಥದ್ದು? ರಾಮನಗರದಿಂದ ಉತ್ತರಕ್ಕೆ ಮಧುಗಿರಿ, ಪಾವಗಡದ ಕಡೆಗೆ ಉದ್ದಕ್ಕೂ ಹಾಸಿರುವುದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಈ ಬಂಡೆ ಒಣಗಿದಾಗ ರೇಡಿಯೊಗೆ ಬಹಳ ಕೆಟ್ಟ ನೆಲ. ಲಂಬ ಆಂಟೆನಾ ಕಟ್ಟಲೇಬೇಕೆಂದರೆ ಬುಡದಿಂದ ಹತ್ತಾರು ತಂತಿಗಳನ್ನು ಚಕ್ರದ ಅರೆಗಳಂತೆ ನೆಲದ ಮೇಲೆ ಹಾಸಬೇಕು. ಬಂಡೆ ಸೀಮೆಯವರಿಗೆ ಡೈಪೋಲೇ ಲೇಸು.

ಕೇಬಲ್ಲಿನಲ್ಲಿ ಮಾತು ಸೋರಿಹೋಗುತ್ತದೆ ಎಂಬುದು ಗೊತ್ತೇ? ಹ್ಯಾಮ್‌ಗಳು ಹೆಚ್ಚಾಗಿ ಕೊಳ್ಳುವ ತೆಳು ಆರ್‌ಜಿ-58 ಕೇಬಲ್ಲನ್ನು 30 ಮೀಟರ್ ಎಳೆದು 145 ಮೆಗಾಹರ್ಟ್ಸ್‌ನಲ್ಲಿ ಬಳಸಿದರೆ ಆಂಟೆನಾ ತಲುಪುವುದು ಕಾಲು ಪಾಲು ಮಾತ್ರ. 20 ವ್ಯಾಟ್ ಕಳಿಸಿದಿರಿ, ಮೇಲೆ ಹೋದದ್ದು 5. ಉಳಿದದ್ದು ಕೇಬಲ್ಲನ್ನು ಬೆಚ್ಚಗೆ ಮಾಡಿತು ಅಷ್ಟೇ! ಅದೇ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಮುಕ್ಕಾಲು ಪಾಲಿನಷ್ಟನ್ನು ಮುಟ್ಟಿಸುತ್ತದೆ. ಆದ್ದರಿಂದ 40 ಮೀಟರ್ ಬ್ಯಾಂಡಿಗೆ ತೆಳು ಕೇಬಲ್ ನಡೆಯುತ್ತದೆ, ಹ್ಯಾಂಡಿಯ ಬ್ಯಾಂಡಿಗೆ ದಪ್ಪ ಕೇಬಲ್ ಬೇಕು ಅಥವಾ ದೂರ ಕಡಿಮೆ ಇರಬೇಕು.

ಕೇಬಲ್ ಟಿವಿಯವರು, ಡಿಟಿಎಚ್‌ನವರು ಬಿಟ್ಟುಹೋದ ಕರಿ ಆರ್‌ಜಿ-6 ಕೇಬಲ್ ಎಸೆಯಬೇಡಿ. ಅದು 75 ಓಮ್, ರೇಡಿಯೊ 50 ಓಮ್, ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಕೊಡಿ: ಎತ್ತರದಲ್ಲಿ ಬಿಡುವಾಗಿ ಕಟ್ಟಿದ ಡೈಪೋಲಿನದು ಸುಮಾರು 73 ಓಮ್, ಹಾಗಾಗಿ ಆಂಟೆನಾ ಕಡೆ ಹೊಂದಿಕೆ ಚೆನ್ನಾಗಿಯೇ ಇದೆ. ರೇಡಿಯೊ ಕಡೆ ಹೊಂದಿಕೆಯನ್ನು ಅಳೆಯುವ ಸಂಖ್ಯೆ, ಅಂದರೆ ಎಸ್‌ಡಬ್ಲ್ಯುಆರ್ 1.5. ಹಾಗೆಂದರೆ ಕಳಿಸಿದ ಶಕ್ತಿಯಲ್ಲಿ ಹಿಂದಿರುಗುವುದು ನೂರಕ್ಕೆ 4 ಪಾಲು ಮಾತ್ರ. ಆರ್‌ಜಿ-58ಕ್ಕಿಂತ ಆರ್‌ಜಿ-6ರಲ್ಲಿ ಸೋರಿಕೆಯೂ ಕಡಿಮೆ. ಅದರ ಹೊರಜಾಲರಿ ಅಲ್ಯುಮಿನಿಯಮ್ ಆದ್ದರಿಂದ ಬೆಸುಗೆ ಹಿಡಿಯುವುದಿಲ್ಲ, ಒತ್ತಿ ಕೂರಿಸುವ ಕನೆಕ್ಟರ್ ಬೇಕು. ತೊಂದರೆ ಅದೊಂದೇ.

ಎಸ್‌ಡಬ್ಲ್ಯುಆರ್ 2 ಆದರೆ ಹಿಂದಿರುಗುವುದು ನೂರಕ್ಕೆ 11. 3 ಆದರೆ 25. ಎರಡರೊಳಗೆ ಇದ್ದರೆ ನಿಶ್ಚಿಂತೆಯಿಂದ ಮಾತಾಡಿ. ಒಂದಕ್ಕೆ ಒಂದು ಬರಲೇಬೇಕೆಂದು ತಿಂಗಳುಗಟ್ಟಲೆ ತಂತಿ ಕತ್ತರಿಸುತ್ತಾ ಕೂರುವುದು ವ್ಯರ್ಥ ಶ್ರಮ.

ಇದನ್ನು ಅಳೆಯಲು ಮೊದಲೆಲ್ಲ ಪ್ರಯೋಗಾಲಯದ ಯಂತ್ರ ಬೇಕಿತ್ತು. ಈಗ ನ್ಯಾನೋವಿಎನ್‌ಎ ಎಂಬ ಅಂಗೈಯಗಲದ ಪೆಟ್ಟಿಗೆ ಬಂದಿದೆ. ಆಂಟೆನಾಗೆ ಚುಚ್ಚಿದರೆ ಯಾವ ಕಂಪನಾಂಕದಲ್ಲಿ ಅದು ಹದವಾಗಿದೆ ಎಂಬುದನ್ನು ಗೆರೆ ಎಳೆದು ತೋರಿಸುತ್ತದೆ. ನಾಲ್ಕು ತಾಲೂಕಿನ ಆಸಕ್ತರು ಸೇರಿ ಒಂದನ್ನು ಕೊಂಡು ಹಂಚಿಕೊಂಡರೂ ನಡೆದೀತು. ಆಂಟೆನಾ ಅಳೆಯುವುದು ದಿನದ ಕೆಲಸವಲ್ಲವಲ್ಲ.

ಹ್ಯಾಂಡಿಯ ಬ್ಯಾಂಡಿಗೆ ಮನೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಆಂಟೆನಾ ಯಾವುದು? ಗ್ರೌಂಡ್‌ಪ್ಲೇನ್. ನಾಲ್ಕು ಮೂಲೆಗೂ ತೂತಿರುವ ಎಸ್‌ಒ-239 ಸಾಕೆಟ್ ಒಂದು, ಗಟ್ಟಿ ತಾಮ್ರದ ತಂತಿ ಐದು ತುಂಡು. ನಡುವಿನ ಪಿನ್ನಿಗೆ 49 ಸೆಂ.ಮೀ. ತುಂಡನ್ನು ಬೆಸುಗೆ ಹಾಕಿ ನೆಟ್ಟಗೆ ನಿಲ್ಲಿಸಿ. ನಾಲ್ಕು ಮೂಲೆಗೆ 51 ಸೆಂ.ಮೀ. ತುಂಡುಗಳನ್ನು ಬೋಲ್ಟ್ ಹಾಕಿ ಕೆಳಮುಖವಾಗಿ ಬಗ್ಗಿಸಿ. ಆ ನಾಲ್ಕೂ ಅಡ್ಡಕ್ಕೆ ನೇರವಾಗಿದ್ದರೆ ಆಂಟೆನಾ ಸುಮಾರು 36 ಓಮ್, 45 ಡಿಗ್ರಿ ಇಳಿಬಿಟ್ಟರೆ 50ರ ಹತ್ತಿರ. ಬಗ್ಗಿಸುವುದೇ ಇಲ್ಲಿ ಶ್ರುತಿ ಮಾಡುವ ಕೆಲಸ! ಸಾಕೆಟ್ಟಿನ ಕೆಳಗೆ ಕನೆಕ್ಟರ್ ಕೂತ ಮೇಲೆ ಸಿಲಿಕೋನ್ ಬಳಿದು ಟೇಪು ಸುತ್ತಿ. ಕೇಬಲ್ಲಿನೊಳಗೆ ಒಮ್ಮೆ ಮಳೆನೀರು ಇಳಿದರೆ ಆ ಕೇಬಲ್ ಮುಗಿದ ಹಾಗೆ. ಕೋತಿಗಳ ಓಡಾಟ ಇರುವ ಕಡೆ ತೆಳು ತಂತಿಯ ಬದಲು ಅಲ್ಯುಮಿನಿಯಮ್ ಕಡ್ಡಿ ಹಾಕಿ, ಎಲ್ಲವನ್ನೂ ಪಿವಿಸಿ ಪೈಪಿನೊಳಗೆ ಇಟ್ಟು ಮುಚ್ಚಳ ಹಾಕುವ ಬೇರೆ ವಿನ್ಯಾಸಗಳೂ ಇವೆ.

1980ರ ದಶಕದಲ್ಲಿ ದೂರದರ್ಶನ ನೋಡಲು ಹೆಂಚಿನ ಮನೆಗಳ ಮೇಲೂ ಎದ್ದು ನಿಂತಿದ್ದ ಏಣಿಯಂಥ ಆಂಟೆನಾ ನೆನಪಿದೆಯೇ? ಅದನ್ನು ತಿರುಗಿಸಲು ಒಬ್ಬರು ಮಾಡಿನ ಮೇಲೆ, “ಬಂತಾ, ಬಂತಾ” ಎಂಬ ಕೂಗಿಗೆ ಉತ್ತರಿಸಲು ಇನ್ನೊಬ್ಬರು ಟಿವಿ ಮುಂದೆ. ಅದೇ ಯಾಗಿ–ಉದಾ ಆಂಟೆನಾ. 1926ರಲ್ಲಿ ಜಪಾನಿನ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಅದನ್ನು ಲೋಕಕ್ಕೆ ಕೊಟ್ಟರು. ಹೆಚ್ಚು ದುಡಿದವರು ಉದಾ, ಜನರ ಬಾಯಲ್ಲಿ ಉಳಿದ ಹೆಸರು ಯಾಗಿ. ಅಟ್ಟದ ಮೇಲೆ ಅಂಥದ್ದೊಂದು ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ. ಅದರ ಅಲ್ಯುಮಿನಿಯಮ್ ಕೊಳವೆಗಳನ್ನು ಸುಮಾರು ಒಂದೊಂದು ಮೀಟರಿಗೆ ಕತ್ತರಿಸಿ, ಹಿಂದಿನದನ್ನು ತುಸು ಉದ್ದ, ಮುಂದಿನದನ್ನು ತುಸು ಗಿಡ್ಡ ಮಾಡಿದರೆ 2 ಮೀಟರ್ ಬ್ಯಾಂಡಿನ ಮೂರು ಕಡ್ಡಿಯ ಯಾಗಿ ತಯಾರು. ಅದು ಮುಖ ಮಾಡಿದ ದಿಕ್ಕಿಗೆ ನಿಮ್ಮ 5 ವ್ಯಾಟ್ 20 ವ್ಯಾಟಿನಂತೆ ಕೇಳಿಸುತ್ತದೆ. ಇನ್ನೂ ಹಗುರವಾದದ್ದು ಬೇಕೇ? ದರ್ಜಿಯ ಟೇಪಲ್ಲ, ಗಾರೆ ಮೇಸ್ತ್ರಿಗಳ ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ ಪಿವಿಸಿ ಪೈಪಿಗೆ ಕಟ್ಟಿಯೂ ಯಾಗಿ ಮಾಡುತ್ತಾರೆ. ಪೊದೆಗೆ ತಗುಲಿದರೆ ಮಡಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಅಡಗಿಸಿಟ್ಟ ಪುಟ್ಟ ಟ್ರಾನ್ಸ್‌ಮಿಟರನ್ನು ಹುಡುಕುವ ‘ನರಿ ಬೇಟೆ’ ಆಟಕ್ಕೆ ಹ್ಯಾಮ್‌ಗಳು ಒಯ್ಯುವುದು ಇದನ್ನೇ.

ಪಾವಗಡ ತಾಲೂಕಿನ ತಿರುಮಣಿ ಸುತ್ತಲ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ಹ್ಯಾಮ್‌ಗೆ ನಮ್ಮ ಸೀಮೆಯ ಈ ಬಿಸಿಲು ಎರಡು ರೀತಿಯ ಗೆಳೆಯ. ಒಂದು, ಹೆಚ್ಚಿನ ಸೆಟ್ಟುಗಳು ಓಡುವುದೇ 13.8 ವೋಲ್ಟಿನಲ್ಲಿ. ಸೋಲಾರ್ ಫಲಕ, 12 ವೋಲ್ಟ್ ಬ್ಯಾಟರಿ ಇದ್ದರೆ ಕರೆಂಟ್ ಹೋದರೂ ಮಾತು ನಿಲ್ಲದು. 5 ವ್ಯಾಟಿನ ಸೆಟ್ಟು ಮಾತಾಡುವಾಗ ಎಳೆಯುವುದು 2 ಆಂಪಿಯರ್ ಆಸುಪಾಸು, ಸ್ಕೂಟರ್ ಬ್ಯಾಟರಿಯಷ್ಟು ಚಿಕ್ಕದೂ ಒಂದು ಸಂಜೆ ಪೂರ್ತಿ ಬರುತ್ತದೆ. 100 ವ್ಯಾಟಿನದಕ್ಕೆ 20 ಆಂಪಿಯರ್ ಬೇಕು. ಕರೆಂಟ್ ಪದೇ ಪದೇ ಹೋಗುವ ಹಳ್ಳಿಯವರು ಸೆಟ್ಟು ಆರಿಸುವಾಗ ಈ ಸಂಖ್ಯೆಯನ್ನು ಮೊದಲು ನೋಡಬೇಕು. ಇನ್ನೊಂದು, ಅಯಾನುಗೋಳವನ್ನು ಹುರಿದುಂಬಿಸುವುದೇ ಸೂರ್ಯ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಕಲೆಗಳು ಹೆಚ್ಚಿದಾಗ ಕಡಿಮೆ ಶಕ್ತಿಗೂ ಖಂಡಾಂತರದ ಉತ್ತರ ಬರುತ್ತದೆ. 2024ರ ಅಕ್ಟೋಬರ್ ಹೊತ್ತಿಗೆ ಸೂರ್ಯ ಈಗಿನ ಆವರ್ತದ ಗರಿಷ್ಠ ಮಟ್ಟಕ್ಕೆ ಏರಿತ್ತು.

ಆದರೆ ಅಗ್ಗದ ಇನ್ವರ್ಟರ್, ಸೋಲಾರ್ ಚಾರ್ಜ್ ಕಂಟ್ರೋಲರ್, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಇವು ರೇಡಿಯೊದಲ್ಲಿ ಜೇನ್ನೊಣ ಹಾರಿದಂತೆ ಗುಂಯ್‌ಗುಡುತ್ತವೆ. ಕಳ್ಳನನ್ನು ಹಿಡಿಯುವುದು ಸುಲಭ. ಸೆಟ್ಟನ್ನು ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಆರಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ, ಒಂದೊಂದೇ ಪ್ಲಗ್ ಹಾಕಿ ಹುಡುಕಿ. ನಿಲ್ಲದಿದ್ದರೆ ಚಿಕ್ಕ ಟ್ರಾನ್ಸಿಸ್ಟರನ್ನು ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿಕೊಂಡು ಬೀದಿಯಲ್ಲಿ ನಡೆಯಿರಿ.

ವಿದ್ಯುತ್ ಕಂಬದ ವಿಷಯದಲ್ಲಿ ರಾಜಿ ಸಲ್ಲದು. ನಿಮ್ಮ ಆಂಟೆನಾ ಕಂಬ ಯಾವ ಕಡೆಗೆ ಉರುಳಿದರೂ ಬೆಸ್ಕಾಂ ತಂತಿಯನ್ನು ಮುಟ್ಟದಷ್ಟು ದೂರದಲ್ಲಿರಬೇಕು. 11 ಕೆವಿ ಲೈನಿನ ಮೇಲಾಗಲಿ ಕೆಳಗಾಗಲಿ ಆಂಟೆನಾ ತಂತಿ ಎಳೆಯಲೇಬೇಡಿ. ಕಬ್ಬಿಣದ ಪೈಪು ಎತ್ತಿ ನಿಲ್ಲಿಸುವಾಗ ಒಬ್ಬರೇ ಇರಬೇಡಿ, ಮೇಲೆ ನೋಡುವುದಕ್ಕೆಂದೇ ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿತೆಂದರೆ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗೆ ಹಾಕುವುದು ಹ್ಯಾಮ್‌ಗಳ ರೂಢಿ. ಜೊತೆಗೆ ಒಳ್ಳೆಯ ಅರ್ಥಿಂಗ್ ಬೇಕು. ಬಂಡೆ ನೆಲದಲ್ಲಿ ಬರೀ ರಾಡು ಹೊಡೆದರೆ ಸಾಲದು. ನಮ್ಮ ಎಲೆಕ್ಟ್ರಿಷಿಯನ್ನರು ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ನೀರು ಹಾಕುವ ಪದ್ಧತಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವುದನ್ನು ಮರೆಯಬಾರದು.

ನೆತ್ತಿಯ ಮೇಲೆ ಹಾಯುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮಧುಗಿರಿಗೆ ಬೀದರ್‌ಗಿಂತ ಹತ್ತಿರ! ಅದರ ಎತ್ತರ 400 ಕಿ.ಮೀ.ಗೆ ತುಸು ಹೆಚ್ಚು, ಅಷ್ಟೇ. ಅಲ್ಲಿಯ ಗಗನಯಾತ್ರಿಗಳ ಹ್ಯಾಮ್ ದನಿ 145.800 ಮೆಗಾಹರ್ಟ್ಸ್‌ನಲ್ಲಿ ಇಳಿಯುತ್ತದೆ. ಮೇಲೆ ಹೇಳಿದ ಐದು ತುಂಡು ತಂತಿಯ ಆಂಟೆನಾಗೇ ಸಿಗುತ್ತದೆ. ಆದರೆ ಒಂದು ಸಲಕ್ಕೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. 2025ರ ಜುಲೈನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಶಾಲಾಮಕ್ಕಳ ಜೊತೆ ಹ್ಯಾಮ್ ರೇಡಿಯೊದಲ್ಲೇ ಮಾತಾಡಿದರು.

ಹ್ಯಾಮ್‌ಗಳಿಗೆಂದೇ ಇಸ್ರೊ ಒಂದು ಉಪಗ್ರಹ ಕಳಿಸಿತ್ತು. ಹೆಸರು ಹ್ಯಾಮ್‌ಸ್ಯಾಟ್, ತೂಕ 42.5 ಕೆ.ಜಿ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಹಾರಿತು. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದನ್ನು ಭಾರತದವರು, ಇನ್ನೊಂದನ್ನು ನೆದರ್‌ಲ್ಯಾಂಡ್ಸ್‌ನ ಒಬ್ಬ ವಿದ್ಯಾರ್ಥಿ ಮಾಡಿಕೊಟ್ಟಿದ್ದರು. ಬ್ಯಾಟರಿ ಸೋತು 2014ರ ಜುಲೈನಲ್ಲಿ ಮೌನವಾಗುವವರೆಗೆ ಒಂಬತ್ತು ವರ್ಷ ಜಗತ್ತಿನ ಹ್ಯಾಮ್‌ಗಳೆಲ್ಲ ಅದನ್ನು ಬಳಸಿದರು. ಅದು ಹೋದ ಮೇಲೆ ಅಂಥದ್ದೇ ಇನ್ನೊಂದು ಬೇಕೆಂಬ ಆಸೆ ನನ್ನಂಥವರಲ್ಲಿ ಉಳಿದೇ ಇದೆ.

ಹಳೆಯ ಡಿಟಿಎಚ್ ತಟ್ಟೆ ಮೂಲೆಯಲ್ಲಿ ಬಿದ್ದಿದೆಯೇ? 2018ರ ನವೆಂಬರ್‌ನಲ್ಲಿ ಹಾರಿದ ಕತಾರ್‌ನ ಎಸ್‌ಹೈಲ್-2 ಉಪಗ್ರಹದಲ್ಲಿ ಹ್ಯಾಮ್‌ಗಳಿಗೆಂದೇ ಒಂದು ಕೊಠಡಿ ಇದೆ, ಕ್ಯುಒ-100 ಎನ್ನುತ್ತಾರೆ. ಅದು ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತಿರುತ್ತದೆ. ಮಧುಗಿರಿಯಿಂದ ನೋಡಿದರೆ ಪಶ್ಚಿಮಕ್ಕೆ ತುಸು ದಕ್ಷಿಣ ವಾಲಿ, ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ. ತಟ್ಟೆಯನ್ನು ಆ ಕಡೆ ತಿರುಗಿಸಿ, ಯೂನಿವರ್ಸಲ್ ಎಲ್‌ಎನ್‌ಬಿ ಹಾಕಿ, ಕಂಪ್ಯೂಟರಿಗೆ ಪೆನ್‌ಡ್ರೈವ್‌ನಷ್ಟಿರುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ರಿಸೀವರ್ ಚುಚ್ಚಿದರೆ ಆಫ್ರಿಕ, ಯುರೋಪಿನ ಹ್ಯಾಮ್‌ಗಳ ಮಾತು ಹಗಲಿರುಳು ಕೇಳಬಹುದು.

ನೊಬೆಲ್ ಪಡೆದ ಭೌತವಿಜ್ಞಾನಿಯೊಬ್ಬರು ಹ್ಯಾಮ್‌ಗಳಿಗಾಗಿ ಸಾಫ್ಟ್‌ವೇರ್ ಬರೆದಿದ್ದಾರೆ. ಜೋ ಟೇಲರ್ 1993ರಲ್ಲಿ ನೊಬೆಲ್ ಪಡೆದವರು, ಸ್ವತಃ ಹ್ಯಾಮ್. ಸ್ಟೀವ್ ಫ್ರಾಂಕೆ ಜೊತೆ ಸೇರಿ 2017ರಲ್ಲಿ ಅವರು ಎಫ್‌ಟಿ8 ಎಂಬ ವಿಧಾನ ತಂದರು. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ 15 ಸೆಕೆಂಡಿನ ಸರದಿಯಲ್ಲಿ ಕಂಪ್ಯೂಟರ್ ಓದಿಬಿಡುತ್ತದೆ. ಕಡಿಮೆ ಶಕ್ತಿಯ ಸೆಟ್ಟು, ತಗ್ಗಿನ ತಂತಿ ಇದ್ದವರಿಗೆ ದೊಡ್ಡ ವರ.

ನಮ್ಮ ನಾಡಿಗೆ ಮನೆಯಿಂದಲೇ ರೇಡಿಯೊ ಹಬ್ಬಿಸಿದ ಹಿರಿಮೆ ಹಳೆಯದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ಶುರುಮಾಡಿದರು. ಅದರ ಹೆಸರು ‘ಆಕಾಶವಾಣಿ’ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಹ್ಯಾಮ್‌ಗಳ ಚರಿತ್ರೆ ಅದಕ್ಕೂ ಹಿಂದಿನದು. 1921ರಲ್ಲಿ ಕಲ್ಕತ್ತದ ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಭಾರತದ ಮೊದಲ ಹ್ಯಾಮ್‌ಗಳಾದರು.

2004ರ ಡಿಸೆಂಬರ್ 26ರ ಸುನಾಮಿ ಬಂದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಡನೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅಂಡಮಾನಿನಿಂದ ಹವ್ಯಾಸಕ್ಕಾಗಿ ಮಾತಾಡಲು ಹೋಗಿದ್ದ ಅವರ ಆಂಟೆನಾ, ಬೇರೆ ಸಂಪರ್ಕಗಳು ಕಡಿದುಹೋದಾಗ ದ್ವೀಪದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಅವರ ಬಳಿ ಇದ್ದದ್ದು ಹ್ಯಾಮ್‌ಗಳೆಲ್ಲರ ಬಳಿ ಇರುವಂಥ ಸೆಟ್ಟು ಮತ್ತು ತಂತಿಯೇ.

ಕಲಿಸುವವರು ಬೆಂಗಳೂರಿನಲ್ಲಿದ್ದಾರೆ: ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇದೆ. ಶಿರಾದಿಂದಾಗಲಿ ಮಧುಗಿರಿಯಿಂದಾಗಲಿ ಬೆಳಗಿನ ಬಸ್ಸಿಗೆ ಹೊರಟರೆ ಸಂಜೆ ಮನೆಗೆ ಬರಬಹುದಾದಷ್ಟು ದೂರ. ಈ ನಾಲ್ಕು ತಾಲೂಕಿನ ಹೈಸ್ಕೂಲು, ಪಾಲಿಟೆಕ್ನಿಕ್‌ಗಳ ವಿಜ್ಞಾನದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಈ ವರ್ಷ ಇಬ್ಬರು ಮಕ್ಕಳಿಂದಾದರೂ ಪರೀಕ್ಷೆಗೆ ಅರ್ಜಿ ಹಾಕಿಸಿ. ಲೈಸೆನ್ಸ್ ಬರುವಷ್ಟರಲ್ಲಿ ಶಾಲೆಯ ಮೇಲೆ 49 ಸೆಂ.ಮೀ. ತಂತಿಯ ಆಂಟೆನಾ ನಿಲ್ಲಿಸಿ, ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲೆ ಹಾಯುವಾಗ ಅವರಿಗೆ ಕೇಳಿಸಿ.